ಕೂದಲು ಬೆಳೆಯಲು ಬಿಟ್ಟ ದಿನಗಳು

ಮೊದಲ ದಿನ ಅವಳು ಮಾಸ್ಕ್ ತೆಗೆಯದೆ ಬಹಳ ಹೊತ್ತು ಕುರ್ಚಿಯ ತುದಿಯಲ್ಲೇ ಕೂತಿದ್ದಳು. ಮಧುಗಿರಿಯ ಕೋರ್ಟಿನ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೆ ಎರಡು ಕೋಣೆ ನನ್ನವು. ಮುಂದಿನದರಲ್ಲಿ ಕೆಲಸ, ಹಿಂದಿನದರಲ್ಲಿ ನಾನೊಬ್ಬಳೇ ವಾಸ. ಕೆಳಗೆ ಮನೆಯ ಯಜಮಾನಿ ಇರುತ್ತಾರೆ.

ಕೆಲಸವೆಂದರೆ ಮುಖದ ಮೇಲಿನ ಬೇಡದ ಕೂದಲನ್ನು ಮತ್ತೆ ಬಾರದಂತೆ ತೆಗೆಯುವುದು. ಎಲೆಕ್ಟ್ರಾಲಿಸಿಸ್ ಅನ್ನುತ್ತಾರೆ. ಕೂದಲಷ್ಟೇ ತೆಳ್ಳಗಿನ ಸೂಜಿಯನ್ನು ಅದು ಹುಟ್ಟುವ ರಂಧ್ರದೊಳಗೆ ಇಳಿಸಿ, ಕಾಲಡಿಯ ಪೆಡಲ್ ಒತ್ತಿ, ಬಹಳ ಸಣ್ಣ ಕರೆಂಟು ಹರಿಸಿ ಬೇರನ್ನು ಸಾಯಿಸಬೇಕು. ಒಂದು ಸಲಕ್ಕೆ ಒಂದೇ ಕೂದಲು. ನನ್ನಲ್ಲಿಗೆ ಬರುತ್ತಿದ್ದವರು ಗದ್ದದ ಮೇಲೆ ನಾಲ್ಕಾರು ಗಡಸು ಕೂದಲು ಮೂಡಿದ ಹೆಂಗಸರು, ಮದುವೆ ಗೊತ್ತಾದ ಹುಡುಗಿಯರು. ಇಡೀ ಗಡ್ಡವನ್ನು ನಾನು ಅದುವರೆಗೆ ತೆಗೆದಿರಲಿಲ್ಲ.

"ನೀವು ಬೈಯಕ್ಕಿಲ್ಲ ಅಂದ್ರೆ ತೋರಿಸ್ತೀನಿ" ಅಂದಳು.

"ಯಾಕೆ ಬೈಯ್ಲಿ?"

"ತುಮಕೂರಲ್ಲಿ ಒಬ್ರು ಬೈದ್ರು. ಇಂಥೋರಿಗೆ ನಾವು ಮಾಡಕ್ಕಿಲ್ಲ ಅಂದ್ರು."

ಮಾಸ್ಕ್ ಇಳಿಸಿದಳು. ಭೂತಗನ್ನಡಿಯ ದೀಪ ಎಳೆದು ನೋಡಿದೆ. ನಲವತ್ತರ ಹತ್ತಿರದ ಮುಖ. ಹಿಂದೆ ಯಾರೋ ಲೇಸರ್ ಹೊಡೆದಿದ್ದರು. ಕಪ್ಪು ಕೂದಲಲ್ಲಿ ಅರ್ಧದಷ್ಟು ಹೋಗಿತ್ತು, ದವಡೆಯ ಮೇಲೆ ಸುಟ್ಟ ಕಲೆಗಳು ಉಳಿದಿದ್ದವು. ಲೇಸರ್ ಹುಡುಕುವುದು ಕಪ್ಪು ಬಣ್ಣವನ್ನು. ಬಿಳಿ ಕೂದಲು ಅದಕ್ಕೆ ಕಾಣಿಸುವುದೇ ಇಲ್ಲ. ಅವಳ ಗದ್ದದ ತುಂಬ ಬಿಳಿ ಕೂದಲೇ ಇತ್ತು. ಮೇಲ್ದುಟಿಯ ಮೇಲಿನವು ಇನ್ನೂ ಕಷ್ಟದವು. ಹುಡುಗಪ್ರಾಯದಿಂದ ಅವಳು ಚಿಮಟದಲ್ಲಿ, ದಾರದಲ್ಲಿ ಕಿತ್ತೂ ಕಿತ್ತೂ ಚರ್ಮದೊಳಗೆ ರಂಧ್ರಗಳೆಲ್ಲ ಸೊಟ್ಟಗಾಗಿದ್ದವು.

ತುಮಕೂರಿನ ಒಬ್ಬ ಡಾಕ್ಟರು ಕೊಟ್ಟ ಹೆಣ್ಣಿನ ಹಾರ್ಮೋನು ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಅದರಿಂದ ಕೈಕಾಲಿನ ಕೂದಲು ತೆಳುವಾಗಿತ್ತು. ಗಡ್ಡಕ್ಕೆ ಆ ಮಾತ್ರೆ ನಾಟುವುದಿಲ್ಲ, ಒಮ್ಮೆ ಬಂದದ್ದು ತಾನಾಗಿ ಹೋಗುವುದಿಲ್ಲ. ಸಿರಾ ತಾಲ್ಲೂಕಿನ ಬರಗೂರಿನ ಆಚೆ ಅವಳ ಊರು, ಕುರಿ ಮೇಯಿಸುವ ಮನೆತನ. ಈಗ ಇದ್ದದ್ದು ಪಾವಗಡದ ಕಡೆ, ಸೋಲಾರ್ ಫಲಕ ತೊಳೆಯುವ ಹೆಂಗಸರ ತಂಡದಲ್ಲಿ. ಬಿಸಿಲಿಗೂ ಧೂಳಿಗೂ ಅಲ್ಲಿ ಎಲ್ಲರೂ ಕಣ್ಣು ಮಾತ್ರ ಬಿಟ್ಟು ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಾರಂತೆ. "ಅದ್ಕೇ ಆ ಕೆಲ್ಸಕ್ಕೆ ಸೇರ್ಕೊಂಡೆ" ಅಂದಳು. "ಆದ್ರೆ ಊಟಕ್ಕೆ ಎಲ್ರೂ ಬಟ್ಟೆ ಬಿಚ್ಚಿ ಕುಂತ್ಕತಾರೆ. ನಾನು ದೂರ ಓಗಿ ಉಣ್ತೀನಿ."

ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದಳು. ವರ್ಷದ ಮೇಲಾಗುತ್ತದೆ, ಎರಡೂ ಆಗಬಹುದು ಎಂದೆ. ಇವತ್ತು ಮುಖದ ಮೇಲೆ ಕಾಣುವ ಕೂದಲು ಒಂದು ಪಾಲು, ಚರ್ಮದಡಿ ಮಲಗಿರುವುದು ಇನ್ನೊಂದು ಪಾಲು. ಮಲಗಿದ್ದು ಎದ್ದು ಬರುವವರೆಗೆ ಕಾಯಬೇಕು. ಇನ್ನೊಂದು ಮಾತನ್ನೂ ಹೇಳಲೇಬೇಕಿತ್ತು. ಸೂಜಿ ಇಳಿಸಲು ನನಗೆ ಕೂದಲು ಕಾಣಬೇಕು, ಅದು ಎತ್ತ ವಾಲಿದೆ ಎಂದು ಗೊತ್ತಾಗಬೇಕು. ಹಾಗಾಗಿ ಪ್ರತಿ ಸಲ ಬರುವ ಮುಂಚೆ ಎರಡು ಮೂರು ದಿನ ಶೇವ್ ಮಾಡುವಂತಿಲ್ಲ.

ಅವಳು ಮಾಸ್ಕ್ ಮತ್ತೆ ಏರಿಸಿಕೊಂಡಳು. ಬಾಗಿಲ ಬಳಿ ನಿಂತು, "ಬಿಟ್ಕೊಂಡು ಬತ್ತೀನಿ" ಅಂದಳು.

ಕೆನ್ನೆಯಿಂದ ಶುರುಮಾಡಿದೆ. ಅಲ್ಲಿಯ ರಂಧ್ರಗಳು ನೆಟ್ಟಗಿದ್ದವು. ಶಾಖದ ಕರೆಂಟು ಸಾಕಾಗುತ್ತಿತ್ತು, ಕ್ಷಣದಲ್ಲಿ ಒಂದು ಕೂದಲು ಮುಗಿಯುತ್ತಿತ್ತು. ಬೇರು ಸತ್ತಿದ್ದರೆ ಚಿಮಟದಲ್ಲಿ ಹಿಡಿದ ಕೂದಲು ಎಳೆಯದೆಯೇ ಜಾರಿ ಬರುತ್ತದೆ, ಬೆಣ್ಣೆಯೊಳಗಿಂದ ದಾರ ಬಂದ ಹಾಗೆ. ಬಿಗಿಯಿತು ಅಂದರೆ ಬೇರು ಬದುಕಿದೆ ಎಂದರ್ಥ. ಪಕ್ಕಪಕ್ಕದ ಕೂದಲನ್ನು ಒಂದೇ ದಿನ ಮುಟ್ಟಬಾರದು, ಚರ್ಮ ಬೆಂದು ಕಲೆ ನಿಲ್ಲುತ್ತದೆ. ಒಂದು ಬಿಟ್ಟು ಒಂದು ತೆಗೆಯುತ್ತಾ, ನಡುನಡುವೆ ಐಸ್ ಒತ್ತುತ್ತಾ ಹೋದೆ. ಕರೆಂಟು ಹೋದರೆ ಯುಪಿಎಸ್ ಕೂಗಲು ಶುರುಮಾಡುತ್ತಿತ್ತು. ಆಗ ಸೂಜಿ ಹೊರಗೆ ತೆಗೆದು ಇಬ್ಬರೂ ಸುಮ್ಮನೆ ಕಾಯುತ್ತಿದ್ದೆವು. ಮಧ್ಯಾಹ್ನವಾದರೆ ಎದುರಿನ ಬೆಟ್ಟದ ಬಂಡೆಯ ಕಾವು ಕಿಟಕಿಯಿಂದ ನೇರ ಒಳಗೆ ಬರುತ್ತಿತ್ತು.

ಮೇಲ್ದುಟಿಗೆ ಬಂದಾಗ ಕೆಲಸ ಕೆಟ್ಟಿತು. ತುಟಿಯೊಳಗೆ ಹತ್ತಿಯ ಸುರುಳಿ ಇಟ್ಟು, ಮೂಗಿನ ಕೆಳಗಿನಿಂದ ಹಿಡಿದೆ. ಅಲ್ಲಿ ಸೂಜಿ ಮುಟ್ಟಿದರೆ ಕಣ್ಣಲ್ಲಿ ನೀರು ತಾನಾಗಿ ಇಳಿಯುತ್ತದೆ, ಸೀನು ಬರುತ್ತದೆ. ಅವಳು ತಡೆದುಕೊಂಡಳು. "ಪರವಾಲೇದು, ಮಾಡಕ್ಕ" ಅನ್ನುತ್ತಿದ್ದಳು. ಪಾವಗಡದಲ್ಲಿ ಇದ್ದೂ ಇದ್ದೂ ನೋವಾದಾಗ ತೆಲುಗೇ ಬಾಯಿಗೆ ಬರುತ್ತಿತ್ತು. ಆದರೆ ಸೂಜಿ ಅರ್ಧದಲ್ಲೇ ನಿಲ್ಲುತ್ತಿತ್ತು. ರಂಧ್ರ ಒಳಗೆ ಎಲ್ಲೋ ತಿರುಗಿಕೊಂಡಿದೆ, ನನ್ನ ಸೂಜಿ ನೆಟ್ಟಗೆ ಹೋಗುತ್ತದೆ, ಶಾಖ ಬೇರಿಗೆ ತಗಲುವುದಿಲ್ಲ. ಮುಂದಿನ ಸಲ ನೋಡಿದರೆ ತೆಗೆದದ್ದರಲ್ಲಿ ಮುಕ್ಕಾಲು ಹಿಂದಕ್ಕೆ ಬಂದಿತ್ತು. ಮತ್ತೆ ಮಾಡಿದೆ, ಮತ್ತೆ ಬಂತು.

ಇನ್ನೊಂದು ವಿಧಾನವಿತ್ತು, ಹಳೆಯದು. ಅದರಲ್ಲಿ ಶಾಖದ ಕೆಲಸವಿಲ್ಲ. ಕರೆಂಟು ಚರ್ಮದೊಳಗಿನ ಉಪ್ಪುನೀರನ್ನೇ ಒಂದು ಬಗೆಯ ಕ್ಷಾರವಾಗಿಸುತ್ತದೆ. ಅದು ದ್ರವವಾದ್ದರಿಂದ ರಂಧ್ರ ಎತ್ತ ತಿರುಗಿದ್ದರೂ ಅತ್ತ ಹರಿದು ಬೇರನ್ನು ತಿನ್ನುತ್ತದೆ. ಆದರೆ ಬಹಳ ನಿಧಾನ. ಒಂದೊಂದು ಕೂದಲಿಗೂ ಸೂಜಿ ಇಟ್ಟು, ಅಲುಗದೆ, ಮನಸ್ಸಿನಲ್ಲೇ ಎಣಿಸುತ್ತಾ ಕೂರಬೇಕು. ಕರೆಂಟು ಸುತ್ತು ಬರಲು ಅವಳೂ ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಲೋಹದ ಕಡ್ಡಿಯೊಂದನ್ನು ಹಿಡಿದಿರಬೇಕು. ಕೈ ಸಡಿಲಿಸಿದರೆ ಅಲ್ಲಿಗೇ ನಿಲ್ಲುತ್ತದೆ. ನನ್ನ ಯಂತ್ರದಲ್ಲಿ ಆ ಗುಂಡಿ ಇತ್ತು, ನಾನು ಬಳಸಿದ್ದು ಕಡಿಮೆ. ಮೊದಲು ನನ್ನ ತೊಡೆಯ ಮೇಲೆಯೇ ಪ್ರಯತ್ನಿಸಿ ಚರ್ಮ ಎಷ್ಟು ತಡೆಯುತ್ತದೆಂದು ನೋಡಿಕೊಂಡೆ. ಆಮೇಲೆ ಅವಳ ಮೇಲ್ದುಟಿಯ ಅಂಚಿನಲ್ಲಿ ಕೆಲವೇ ಕೂದಲು ತೆಗೆದು, ಮುಂದಿನ ಭೇಟಿಯವರೆಗೆ ಕಾದೆ. ಆ ಜಾಗದಲ್ಲಿ ಹೆಚ್ಚೇನೂ ಹುಟ್ಟಿರಲಿಲ್ಲ.

ಇನ್ನು ದಾರಿಯಾಯಿತು ಅಂದುಕೊಂಡೆ. ಮುಂದಿನ ಸಲ ಅವಳು ನುಣ್ಣಗೆ ಶೇವ್ ಮಾಡಿಕೊಂಡು ಬಂದಳು.

"ಏನಿದು? ಕೂದಲು ಕಾಣದೆ ನಾನೇನು ಮಾಡ್ಲಿ?" ಅಂದೆ. ನನ್ನ ದನಿ ಸ್ವಲ್ಪ ಏರಿತ್ತು.

ಹಿಂದಿನ ಸಲ ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಏನಾಯಿತೆಂದು ಆಗ ಹೇಳಿದಳು. ಹೆಂಗಸರ ಸೀಟಿನಲ್ಲಿ ಕೂತಿದ್ದಾಳೆ, ಸೆಕೆ. ನೀರು ಕುಡಿಯಲು ಮಾಸ್ಕ್ ಎತ್ತಿದಾಗ ಪಕ್ಕದ ಹೆಂಗಸು ಮುಖ ನೋಡಿ ಎದ್ದು ನಿಂತಿದ್ದಾಳೆ. ಕಂಡಕ್ಟರು ಬಂದು, ಹಿಂದಕ್ಕೆ ಹೋಗಿ ಗಂಡಸರ ಜೊತೆ ಕೂರು ಅಂದಿದ್ದಾನೆ. ಗಂಡಸರು ಜಾಗ ಬಿಟ್ಟಿಲ್ಲ. "ಒಬ್ಬ ಫೋನಲ್ಲಿ ಫೋಟೊ ತೆಗ್ದ" ಅಂದಳು. "ನಾನು ನಡುದಾರೀಲೇ ಇಳ್ಕೊಂಡ್ಬುಟ್ಟೆ. ಮುಂದಿನ ಬಸ್ಸು ಬರೋಗಂಟ ಹೊಂಗೆ ಮರದ ಕೆಳ್ಗೆ ಕುಂತಿದ್ದೆ." ಅಳಲಿಲ್ಲ. ಬೇರೆ ಯಾರಿಗೋ ಆದದ್ದನ್ನು ಹೇಳುವ ಹಾಗೆ ಹೇಳಿದಳು.

ಅವಳು ಹೆಂಗಸಾಗಿ ಕಾಣಬೇಕೆಂದು ಬರುತ್ತಿದ್ದದ್ದು. ಅದಕ್ಕಾಗಿಯೇ ಗಡ್ಡ ಬಿಟ್ಟುಕೊಂಡು ಜನರ ನಡುವೆ ಬಾ ಎಂದು ನಾನು ಹೇಳಿದ್ದೆ. ಕೆಲಸದ ನಿಯಮ ಅದು, ತಪ್ಪಿಸಲಾಗದು. ಐಸ್ ಡಬ್ಬಿ ಮುಚ್ಚಿಟ್ಟೆ. ಹಿಂದಿನ ಕೋಣೆಯಲ್ಲಿ ನನ್ನ ಮಂಚದ ಪಕ್ಕ ಒಂದು ಹಾಸಿಗೆಯಷ್ಟು ಜಾಗವಿತ್ತು. ಅಲ್ಲಿ ಬೇರೆಯವರು ಮಲಗಿ ಎಷ್ಟೋ ವರ್ಷವಾಗಿತ್ತು. ನನಗೂ ಒಗ್ಗಿಹೋಗಿತ್ತು, ಯಾರಾದರೂ ಬಂದು ಇದ್ದರೆ ಕಷ್ಟ ಅನ್ನಿಸುವಷ್ಟು.

"ಪಾಳಿ ರಜೆ ಸಿಕ್ಕಾಗ ಇಂಗೇ ಶೇವ್ ಮಾಡ್ಕೊಂಡು ಬಾ" ಅಂದೆ. ಅವಳ ಮಾತು ನನ್ನ ಬಾಯಿಗೂ ಬಂದಿತ್ತು. "ಇಲ್ಲೇ ಇರು. ಬೆಳೆಯೋದು ಇಲ್ಲೇ ಬೆಳೀಲಿ. ತೆಗೆದು ಕಳಿಸ್ತೀನಿ."

"ಕೆಳಗಿನೋರು?"

"ನೋಡ್ಕೊಳ್ಳೋಣ."

ಹಾಗೆ ಶುರುವಾಯಿತು. ರಜೆ ಬಂದಾಗ ಅವಳು ಸಣ್ಣ ಚೀಲ ಹಿಡಿದು ಬರುತ್ತಿದ್ದಳು. ಮೊದಲ ದಿನ ಲವಲವಿಕೆಯಿಂದ ಪಾತ್ರೆ ತೊಳೆದು, ಮುದ್ದೆ ತಿರುವಿ, ಉಪ್ಪೆಸರು ಕಾಯಿಸುತ್ತಿದ್ದಳು. ಎರಡನೆಯ ದಿನ ಮಾತು ಕಡಿಮೆಯಾಗುತ್ತಿತ್ತು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಕನ್ನಡಿಗೆ ಟವೆಲ್ ಹಾಕುತ್ತಿದ್ದಳು. ನಾನು ಮುಂದಿನ ಕೋಣೆಯಲ್ಲಿ ಬೇರೆಯವರ ಕೆಲಸ ಮಾಡುತ್ತಿದ್ದರೆ ಹಿಂದೆ ಒಂದು ಸದ್ದೂ ಬರುತ್ತಿರಲಿಲ್ಲ, ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರಿದ್ದೂ ನಾವು ಬೇರೆಬೇರೆಯಾಗಿಯೇ ಇದ್ದೆವು. ಕೂದಲು ಸಾಕಷ್ಟು ಬೆಳೆದ ಬೆಳಿಗ್ಗೆ ಮಾತ್ರ ತಾನೇ ಬಂದು ಬೆಡ್ಡಿನ ಮೇಲೆ ಮಲಗಿ, ಕಡ್ಡಿಗೆ ಕೈ ಚಾಚುತ್ತಿದ್ದಳು.

ಮನೆಯ ಯಜಮಾನಿಗೆ ತಿಳಿಯದೆ ಇರಲಿಲ್ಲ. ಎಪ್ಪತ್ತು ದಾಟಿದ ವಿಧವೆ, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಮಾತು ನೇರ. ಒಂದು ದಿನ ಬಟ್ಟೆ ಒಣಹಾಕಲು ಮಹಡಿಗೆ ಬಂದವರು ತೆರೆದ ಬಾಗಿಲಿನಿಂದ ಅವಳನ್ನು ನೋಡಿದರು. ನನ್ನನ್ನು ಕೆಳಗೆ ಕರೆದರು.

"ಯಾರಮ್ಮ ಅದು, ಗಡ್ಡ ಬಿಟ್ಕೊಂಡು ಸೀರೆ ಉಟ್ಕೊಂಡು?"

"ನನ್ನ ಹತ್ರ ಟ್ರೀಟ್‌ಮೆಂಟಿಗೆ ಬಂದಿರೋರು, ಅಮ್ಮ."

"ಟ್ರೀಟ್‌ಮೆಂಟಿಗೆ ಬಂದೋರು ಮಾಡಿಸ್ಕೊಂಡು ಹೋಗ್ತಾರೆ. ಮಲಗಿಸ್ಕೊಳ್ಳೋದು ಯಾವ ಊರ ಕ್ರಮ? ಹೆಂಗಸ್ರು ಮಕ್ಕಳು ಬರೋ ಜಾಗ ಕಣಮ್ಮ ಇದು. ನಿನ್ನ ಹೊಟ್ಟೆಪಾಡು ನೀನೇ ಕೆಡಿಸ್ಕೋತಾ ಇದೀಯ."

ಅವರು ಹೇಳಿದ್ದು ಸುಳ್ಳಲ್ಲ. ಆಗಲೇ ಇಬ್ಬರು ಮೂವರು ಹಳೆಯ ಗಿರಾಕಿಗಳು ಬರುವುದು ನಿಲ್ಲಿಸಿದ್ದರು. ಪ್ರತಿಯೊಬ್ಬರಿಗೂ ಹೊಸ ಸೂಜಿ, ಬಳಸಿದ್ದನ್ನು ಎಸೆಯುತ್ತೇನೆ ಎಂದು ತೋರಿಸಿದರೂ, ಒಬ್ಬಾಕೆ "ಅದೇ ಬೆಡ್ಡಾ?" ಎಂದು ಕೇಳಿ ಎದ್ದು ಹೋಗಿದ್ದಳು. ಯಜಮಾನಿಗೆ ನಾನು ಒಂದೇ ಮಾತು ಹೇಳಿದೆ. "ಮುಗಿಯೋವರೆಗೂ ಬರ್ತಾಳೆ ಅಮ್ಮ. ಬೇಡ ಅಂದ್ರೆ ನಾನೂ ಬೇರೆ ಜಾಗ ನೋಡ್ಕೋತೀನಿ." ಹೇಳಿ ಮೆಟ್ಟಿಲು ಹತ್ತಿದೆ. ಬೇರೆ ಜಾಗ ನನಗೆ ಯಾರು ಕೊಡುತ್ತಿದ್ದರು? ಯಜಮಾನಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅಂದಿನಿಂದ ನನ್ನೊಡನೆ ಮಾತು ಬಿಟ್ಟರು.

ಮಳೆಗಾಲ ಕಳೆಯುವ ಹೊತ್ತಿಗೆ ಅವಳ ಎಡಗಡೆಯ ಕೆನ್ನೆ, ದವಡೆ ಬಹುಪಾಲು ತೆರವಾಗಿತ್ತು. ಬಲಗಡೆ, ಮೇಲ್ದುಟಿ ಇನ್ನೂ ಬಾಕಿ. ಆ ಸಲ ಎರಡು ದಿನದ ಕೂದಲು ಬೆಳೆದಿತ್ತು. ಮಾರನೆಯ ದಿನ ಕೆಲಸಕ್ಕೆ ಕೂರುವುದೆಂದು ಮಾತಾಗಿತ್ತು. ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಅವಳಿಗೆ ಫೋನು ಬಂತು. ತಮ್ಮ. ಅವನ ದನಿ ಫೋನಿನಿಂದ ಆಚೆಗೂ ಕೇಳಿಸುತ್ತಿತ್ತು.

"ಅಪ್ಪ ಹೋದ ಕಣಣ್ಣ. ಬಾ. ಹಿರೇಮಗ ನೀನೇ ಕೊಳ್ಳಿ ಇಡ್ಬೇಕು. ಆದ್ರೆ ಅಂಗೆ ಬರ್ಬ್ಯಾಡ, ಕೈ ಮುಗಿತೀನಿ. ಜನ ಸೇರವ್ರೆ."

ಅವಳು ಫೋನು ಇಟ್ಟು ಕನ್ನಡಿಯ ಮೇಲಿನ ಟವೆಲ್ ತೆಗೆದು ನೋಡಿಕೊಂಡಳು. ಒಂದು ಕಡೆ ಗಡ್ಡ, ಒಂದು ಕಡೆ ಇಲ್ಲ. ಬೆನ್ನಿನ ಮೇಲೆ ಜಡೆ.

"ತಲೆ, ಮೀಸೆ ಎಲ್ಡೂ ಬೋಳಿಸ್ತಾರೆ ನಮ್ಮಲ್ಲಿ" ಅಂದಳು. "ಕೂದ್ಲು ಸೊಂಟದ್ಗಂಟ ಬರೋಕೆ ಎಷ್ಟು ವರ್ಷ ಆತು."

"ನೀನು ಹೋಗ್ದೇನೂ ಇರಬಹುದು" ಅಂದೆ. ಅನ್ನಬಾರದಿತ್ತೇನೋ.

"ಅಪ್ಪ ಅಲ್ವೇನಕ್ಕ."

ಹಾಕಿಕೊಳ್ಳಲು ಗಂಡಸರ ಬಟ್ಟೆ ನಮ್ಮಿಬ್ಬರ ಹತ್ತಿರವೂ ಇರಲಿಲ್ಲ. ನಾನು ಕೆಳಗೆ ಹೋಗಿ ಯಜಮಾನಿಗೆ ವಿಷಯ ಹೇಳಿದೆ. ಅವರು ಒಳಗೆ ಹೋಗಿ, ತಮ್ಮ ಯಜಮಾನರ ಬಿಳಿ ಷರಟು, ಪಂಚೆ ತಂದರು. "ಸಾವಿನ ಮನೆಗೆ ಹೋಗೋರಿಗೆ ಇಲ್ಲ ಅನ್ನಬಾರ್ದು. ವಾಪಸ್ ತರೋದು ಬೇಡ ಅಂತ ಹೇಳು" ಅಂದರು. ಅವಳು ಪಂಚೆಯುಟ್ಟು, ಜಡೆಯನ್ನು ಗಂಟುಕಟ್ಟಿ ಟವೆಲ್ ಸುತ್ತಿ ಇಳಿದು ಬಂದಾಗ ಯಜಮಾನಿ ಬಾಗಿಲಲ್ಲೇ ನಿಂತಿದ್ದರು. ಮೊದಲ ಸಲ ಅವಳನ್ನು ನೇರವಾಗಿ ನೋಡಿ, ಬಹಳ ಮೃದುವಾಗಿ ಹೇಳಿದರು.

"ಈಗ ನೋಡು, ಎಷ್ಟು ಲಕ್ಷಣವಾಗಿದೀಯಪ್ಪ."

ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವಳು ಬಗ್ಗಿ ಅವರ ಕಾಲು ಮುಟ್ಟಿದಳು.

ಸಿರಾ ಬಸ್ಸಿಗೆ ನಾನೇ ಹತ್ತಿಸಿದೆ. ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು ಸರಿದು ಜಾಗ ಕೊಟ್ಟರು. ಜೊತೆಗೆ ಬರಲೇ ಎಂದು ಕೇಳಿದ್ದೆ. "ನೀನು ಯಾರು ಅಂತ ಹೇಳ್ಲಿ?" ಅಂದಿದ್ದಳು.

ಆಮೇಲೆ ಸುದ್ದಿಯಿಲ್ಲ. ಫೋನು ಮಾಡಿದರೆ ಆಫ್. ತಿಥಿ ಕಳೆದಿರಬೇಕು ಎಂದು ಲೆಕ್ಕ ಹಾಕಿದ ಮೇಲೂ ಬರಲಿಲ್ಲ. ಕೆಲಸ ಅರ್ಧಕ್ಕೆ ನಿಂತರೆ ಏನಾಗುತ್ತದೆಂದು ನನಗೆ ಗೊತ್ತು. ಮಲಗಿದ್ದ ಬೇರುಗಳು ಎದ್ದು ಬಂದು, ಗಡ್ಡ ಅಲ್ಲಲ್ಲಿ ತೇಪೆಯ ಹಾಗೆ ಮೂಡುತ್ತದೆ. ಆದರೆ ನಾನು ಯೋಚಿಸುತ್ತಿದ್ದದ್ದು ಅದನ್ನೊಂದೇ ಅಲ್ಲ. ಹಿಂದಿನ ಕೋಣೆಯಲ್ಲಿ ಹಾಸಿಗೆ ಸುತ್ತಿಟ್ಟ ಜಾಗ ಬರಿದಾಗಿತ್ತು. ಅದಕ್ಕೆ ಮುಂಚೆ ಅಷ್ಟು ವರ್ಷ ಬರಿದಾಗಿಯೇ ಇದ್ದರೂ ನನಗೆ ಹಾಗೆ ಕಂಡಿರಲಿಲ್ಲ. ಹೋದ ಹೆಂಗಸರೂ ತಿರುಗಿ ಬರಲಿಲ್ಲ. ಎಷ್ಟೋ ಮಧ್ಯಾಹ್ನಗಳು ಯಂತ್ರಕ್ಕೆ ಬಟ್ಟೆ ಹೊದಿಸಿ, ಎದುರಿನ ಬಂಡೆಯ ಮೇಲೆ ಬಿಸಿಲು ಇಳಿಯುವುದನ್ನು ನೋಡುತ್ತ ಕೂತಿದ್ದೆ.

ಅವಳು ಬಂದದ್ದು ಚಳಿ ಶುರುವಾದ ಮೇಲೆ. ತಲೆಯ ಮೇಲೆ ಸೆರಗು. ಸೆರಗು ಸರಿಸಿದರೆ ಬೋಳು ತಲೆಯಲ್ಲಿ ಅಕ್ಕಿಕಾಳಿನಷ್ಟು ಕೂದಲು.

ಕಾಫಿ ಕುಡಿಯುತ್ತಾ ಹೇಳಿದಳು. "ಕ್ಷೌರದೋನು ತಲೆ ಬೋಳಿಸ್ದ. ಆಮ್ಯಾಲೆ ಮುಖಕ್ಕೆ ನೀರು ಹಚ್ಚಿ ಬೆರಳಾಡಿಸ್ದ. ಈ ಕಡೆ ಕೂದ್ಲೇ ಇಲ್ಲ. ನನ್ನ ಮುಖ ನೋಡ್ದ. ಒಂದು ಮಾತಾಡ್ಲಿಲ್ಲಕ್ಕ. ಇರೋ ಕಡೆ ಅಷ್ಟೇ ತೆಗ್ದು, ಇಲ್ದಿರೋ ಕಡೇನೂ ಸುಮ್ನೆ ಬ್ಲೇಡು ಆಡಿಸ್ದಂಗೆ ಮಾಡ್ದ. ಜನ ನೋಡ್ತಿದ್ರಲ್ಲ, ಅದ್ಕೆ."

"ಮನೇಲಿ?"

"ಚೆನ್ನಾಗಿ ನೋಡ್ಕೊಂಡ್ರು. ಗಂಡಸ್ರ ಪಂಕ್ತೀಲಿ ಕೂರಿಸಿ ಬಡಿಸಿದ್ರು. ಅವ್ವ ಕೈ ಹಿಡ್ಕೊಂಡು, ಇನ್ನೆಲ್ಲೂ ಓಗ್ಬ್ಯಾಡ ಮಗ ಅಂದ್ಲು. ತಮ್ಮ ಕುರಿ ಪಾಲು ಕೊಡ್ತೀನಿ ಅಂದ. ಇಷ್ಟು ವರ್ಷದಾಗೆ ಯಾರೂ ಅಂಗೆ ಮಾತಾಡ್ಸಿರ್ಲಿಲ್ಲ. ಅಲ್ಲೇ ಇದ್ಬುಟ್ಟೆ ಅಷ್ಟು ದಿನ." ಲೋಟ ಕೆಳಗಿಟ್ಟಳು. "ಆದ್ರೆ ಅವ್ರು ಮಾತಾಡ್ಸಿದ್ದು ಯಾರ್ನೋ ಅಕ್ಕ. ನನ್ನಲ್ಲ."

ನಾನು ದೀಪ ಹಾಕಿ ಅವಳ ಮುಖ ನೋಡಿದೆ. ಮೇಲ್ದುಟಿಯಲ್ಲಿ ಸಾಕಷ್ಟು ಬಂದಿತ್ತು, ಬಲಗಡೆಯಂತೂ ಹಾಗೇ ಇತ್ತು. ಬಹಳ ಹಿಂದಕ್ಕೆ ಹೋಗಿದ್ದೆವು. ಬೋಳು ತಲೆಯ ಕಡೆ ನನ್ನ ಕಣ್ಣು ಹೋದದ್ದನ್ನು ಅವಳು ಗಮನಿಸಿದಳು.

"ತಲೇದು ಬತ್ತದೆ ಬುಡಕ್ಕ" ಅಂದಳು. "ಇದು ಬರ್ದಂಗೆ ಮಾಡು."

ಬಿಟ್ಟಲ್ಲಿಂದ ಹಿಡಿದೆವು. ಮತ್ತೆ ರಜೆಗಳು, ಮತ್ತೆ ಹಾಸಿಗೆ, ಗೋಡೆ ಕಡೆ ತಿರುಗಿದ ಬೆನ್ನು. ಬಿಸಿಲಲ್ಲಿ ಕೆಲಸ ಮಾಡುವವಳಾದ್ದರಿಂದ ಸೂಜಿ ಮುಟ್ಟಿದ ಜಾಗ ಕಪ್ಪಾಗುತ್ತಿತ್ತು, ಅದು ತಿಳಿಯಾಗಲು ಕಾಯಬೇಕಾಗುತ್ತಿತ್ತು. ಯಜಮಾನಿ ಎದುರು ಸಿಕ್ಕರೆ ಅವಳು ನಮಸ್ಕಾರ ಮಾಡುತ್ತಿದ್ದಳು. ಅವರು "ಊಟ ಆಯ್ತಾ" ಅನ್ನುತ್ತಿದ್ದರು, ಕೊನೆಯಲ್ಲಿ ಅಪ್ಪ ಎಂದೂ ಅಮ್ಮ ಎಂದೂ ಸೇರಿಸದೆ. ಅದಕ್ಕಿಂತ ಹೆಚ್ಚಿಗೆ ಅವರಿಂದ ಬರಲಿಲ್ಲ. ನನ್ನ ಜೊತೆ ಮಾತು ಮತ್ತೆ ಶುರುವಾಯಿತು, ಹಳೆಯ ಸಲಿಗೆ ಹೋಯಿತು.

ಮುಂದಿನ ವರ್ಷದ ಕೊನೆಗೆ ಅವಳು ಬರುವ ನಡುವಿನ ಅಂತರ ಹಿಗ್ಗುತ್ತಾ ಹೋಯಿತು. ಬೆಳೆಯಲು ಬಿಡುವ ದಿನಗಳಲ್ಲೂ ದೂರದಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ, ಹಾಗಾಗಿ ಇಲ್ಲಿ ಉಳಿಯುವ ಅಗತ್ಯವೂ ಹೋಯಿತು. ಬೆಳಿಗ್ಗೆ ಬಂದು ಸಂಜೆಯ ಬಸ್ಸಿಗೆ ಹೊರಡುತ್ತಿದ್ದಳು. ಕೊನೆಯ ಸಲ ಬಂದಾಗ ದೀಪ ಹತ್ತಿರ ಎಳೆದು, ಚರ್ಮ ಬಿಗಿಹಿಡಿದು, ಕಿವಿಯ ಬುಡದಿಂದ ಗಂಟಲವರೆಗೆ ಹುಡುಕಿದೆ. ಸೂಜಿಯ ಕವರು ಬಿಚ್ಚಲೇ ಇಲ್ಲ. ದವಡೆಯ ಹಳೆಯ ಸುಟ್ಟ ಕಲೆ ಮಾತ್ರ ಉಳಿದಿತ್ತು, ಅದು ನನ್ನ ಕೈಯಲ್ಲಿ ಹೋಗುವಂಥದ್ದಲ್ಲ.

"ಮುಗೀತು" ಅಂದೆ.

ಅವಳು ಕೂತು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಹಾಗೇ ಇದ್ದಳು. "ಇನ್ನು ಬರದು ಬ್ಯಾಡ್ವಾ?"

"ಎಲ್ಲಾದರೂ ಒಂದು ಎದ್ದರೆ ಬಾ. ಇಲ್ಲಾಂದ್ರೆ ಬೇಡ."

ಅವಳು ಬರಲಿಲ್ಲ. ನಮ್ಮ ಕೆಲಸ ಸರಿಯಾಗಿದೆ ಎನ್ನುವುದಕ್ಕೆ ಅದೊಂದೇ ಗುರುತು.

ಈಚೆಗೆ ಸಿರಾದಲ್ಲಿ ಮನೆಯಿಂದ ಹೊರಗೆ ಬರಲಾಗದ ಒಬ್ಬ ಅಜ್ಜಿಯ ಗದ್ದದ ಕೂದಲು ತೆಗೆಯಲು ಹೋಗಿದ್ದೆ. ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದಾಗ ಎದುರಿನ ಕಲ್ಲುಬೆಂಚಿನ ಮೇಲೆ ಅವಳಿದ್ದಳು. ಭುಜದವರೆಗೆ ಬಂದ ಕೂದಲಿಗೆ ಕ್ಲಿಪ್ಪು. ಎಡಬಲಕ್ಕೆ ಇಬ್ಬರು ಹೆಂಗಸರು, ಜೊತೆಯಲ್ಲಿ ಕೆಲಸ ಮಾಡುವವರಿರಬೇಕು. ಮೂವರ ನಡುವೆ ಪೇಪರ್ ಪೊಟ್ಟಣದಲ್ಲಿ ಬೇಯಿಸಿದ ಕಡಲೆಕಾಯಿ. ಮಾತಾಡುತ್ತಾ, ಸಿಪ್ಪೆ ಸುಲಿಯುತ್ತಾ ತಿನ್ನುತ್ತಿದ್ದರು.

ನಾವು ನಮ್ಮಲ್ಲಿಗೆ ಬಂದವರನ್ನು ಹೊರಗೆ ಕಂಡಾಗ ನಾವಾಗಿ ಮಾತಾಡಿಸುವುದಿಲ್ಲ. ಯಾರು ಇವರು, ಹೇಗೆ ಪರಿಚಯ ಎಂದು ಪಕ್ಕದವರು ಕೇಳಿದರೆ ಅವರು ಏನು ಹೇಳಬೇಕು? ಅವಳು ತಲೆಯೆತ್ತಿದಾಗ ನಾನು ಅವಳಿಗೆ ಕಂಡೆ. ಸುಲಿಯುತ್ತಿದ್ದ ಕೈ ನಿಂತಿತು. ಏಳಲು ಹೊರಟ ಹಾಗೆ ಕಾಲು ಮುಂದಿಟ್ಟಳು. ನಾನು ಬೇಡ ಎಂದು ಮೆಲ್ಲಗೆ ತಲೆಯಾಡಿಸಿದೆ. ಅಷ್ಟರಲ್ಲಿ ಪಕ್ಕದವಳು ಏನೋ ಹೇಳಿ ಅವಳ ತೋಳು ತಟ್ಟಿದಳು. ಅವಳು ಅತ್ತ ತಿರುಗಿ ಜೋರಾಗಿ ನಕ್ಕಳು.

ಮಧುಗಿರಿ ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಆದರೆ ಅದು ಕಲ್ಲುಬೆಂಚು ಕಾಣದ ಆಚೆ ಕಡೆಯ ಕಿಟಕಿ.